ಲಂಕಾ ಲೈನಿನ ಮಳೆ ಮತ್ತು ಒಂದು ‘ಇಲ್ಲಾ’

ಕೆಜಿಎಫ್‌ನಲ್ಲಿ ಮನೆಗೇನು ಬರ, ಗಣಿ ಮುಚ್ಚಿದ ಮೇಲೆ ಊರೆಲ್ಲ ಖಾಲಿ ಬಿದ್ದಿದೆ, ಯಾವ ಲೈನಿಗೆ ಹೋಗಿ ಯಾವ ಬಾಗಿಲು ತಳ್ಳಿದರೂ ನಿಮ್ಮದೇ ಮನೆ. ಈ ಮಾತನ್ನು ನಾನು ಗದಗದಲ್ಲಿ ಕೇಳಿದ್ದೇನೆ, ಬೆಂಗಳೂರಿನಲ್ಲಿ ಕೇಳಿದ್ದೇನೆ, ಹೋದ ವಾರ ಬಂಗಾರಪೇಟೆಯಲ್ಲೂ ಕೇಳಿದೆ. ಹೇಳಿದವರಲ್ಲಿ ಒಬ್ಬರೂ ಅಲ್ಲಿ ಬಾಡಿಗೆಗೆ ಮನೆ ಹುಡುಕಿದವರಲ್ಲ ಎಂಬುದು ನನ್ನ ಮೊದಲ ಆಕ್ಷೇಪ. ಬಾಗಿಲಿದ್ದ ಮಾತ್ರಕ್ಕೆ ಅದು ಮನೆಯಾಗುವುದಿಲ್ಲ ಎಂಬುದು ಎರಡನೆಯದು. ಮೇಲೆ ಸೂರಿಲ್ಲದ ನಾಲ್ಕು ಗೋಡೆ, ಒಳಗೆ ಎಕ್ಕದ ಗಿಡ ಬೆಳೆದ ಅಡುಗೆಮನೆ, ಇವನ್ನೂ ಸೇರಿಸಿಕೊಂಡು ‘ಎಷ್ಟೊಂದು ಮನೆ!’ ಎಂದು ಬಾಯಿ ಬಿಡುವವರಿಗೆ ಅಲ್ಲಿ ಒಂದು ಮಳೆಗಾಲ ಕಳೆಯುವ ಶಿಕ್ಷೆ ಕೊಡಬೇಕು. ನಾನು ಕಳೆದಿದ್ದೇನೆ. ಶಿಕ್ಷೆ ಎಂದದ್ದು ವಾದದ ಬಿಸಿಯಲ್ಲಿ; ಅಷ್ಟು ನಕ್ಕ ಮಳೆಗಾಲ ನನಗೆ ಇನ್ನೊಂದು ಸಿಕ್ಕಿಲ್ಲ.

ಹೋದ ವಾರ ಇಷ್ಟೆಲ್ಲ ನೆನಪಾದದ್ದು ಒಂದು ಜೊತೆ ಚಪ್ಪಲಿಯಿಂದ. ಈಗ ನನ್ನ ಕೆಲಸ ಬೇರೆ ಊರಿನಲ್ಲಿ. ಹೊಸದಾಗಿ ಸೇರಿದವರಿಗೆ ಪಾಠ ಹೇಳಲೆಂದು ಕೆಲವು ದಿನ ಕೆಜಿಎಫ್ ಕಾರ್ಖಾನೆಗೆ ಬಂದಿದ್ದೆ. ಸಂಜೆ ಬಂಗಾರಪೇಟೆಯಲ್ಲಿ ಪಾನಿಪೂರಿ ತಿನ್ನುತ್ತಾ ನಿಂತಿದ್ದೆವು. ಇಲ್ಲಿನ ಪಾನಿ ಬೇರೆ ಊರಿನ ಹಾಗೆ ಹಸಿರಲ್ಲ, ಗಾಜಿನ ಹಾಗೆ ತಿಳಿ. ನೋಡಿದರೆ ಕುಡಿಯುವ ನೀರು, ಬಾಯಿಗಿಟ್ಟರೆ ಬೆಂಕಿ. ಜೊತೆಗಿದ್ದ ಹಾಸನದ ಹುಡುಗಿ, ತರಬೇತಿಗೆ ಬಂದವಳು, ಮೂಗೊರೆಸಿಕೊಳ್ಳುತ್ತಾ ಅದೇ ಹಳೆಯ ಪಲ್ಲವಿ ಹಾಡಿದಳು: “ಇಲ್ಲಿ ಮನೆಗೇನು ಮೇಡಂ, ಸುಮ್ಮನೆ ಬಿದ್ದಿವೆ.” ಉತ್ತರ ಕೊಡಲು ಬಾಯಿ ತೆರೆದ ನನ್ನ ಮೂಗಿಗೆ ಏನೋ ಬಡಿಯಿತು. ನೆಂದ ಬೆಂಕಿಪೊಟ್ಟಣದ ವಾಸನೆ. ಕೆಳಗೆ ನೋಡಿದೆ. ಅವಳ ಚಪ್ಪಲಿಗೆ ಬೂದು ಬಣ್ಣದ ಕೆಸರು ಮೆತ್ತಿತ್ತು. ಸೈನೈಡ್ ದಿಬ್ಬದ ಕೆಸರು. ಚಿನ್ನ ತೆಗೆದಾದ ಮೇಲೆ ಉಳಿದ ಪುಡಿಯನ್ನು ನೂರು ವರ್ಷ ಸುರಿದು ಸುರಿದು ಎದ್ದ ಆ ದಿಬ್ಬಗಳ ಮೇಲೆ ಮಳೆ ಬಿದ್ದರೆ ಬರುವ ವಾಸನೆಯೇ ಅದು. “ಎಲ್ಲಿ ಹೋಗಿದ್ದೆ?” ಎಂದೆ. “ನಂದಿದುರ್ಗದ ಕಡೆ, ಮನೆ ನೋಡೋಕೆ.” “ಸಿಕ್ಕಿತಾ?” “ಇಲ್ಲ.”

ಆ ‘ಇಲ್ಲ’ ಕೇಳಿ ನಾನು ಪಾನಿ ನೆತ್ತಿಗೇರುವಷ್ಟು ನಕ್ಕಿದ್ದು ಯಾಕೆಂದು ಆ ಹುಡುಗಿಗೆ ತಿಳಿಯಲಿಲ್ಲ. ತಿಳಿಯಬೇಕಾದರೆ ನಾನು ಬಂದ ವರ್ಷಕ್ಕೆ ಹೋಗಬೇಕು.

ಆ ವರ್ಷ ನಾನೂ ಅವಳ ಹಾಗೆಯೇ ತರಬೇತಿಗೆ ಬಂದಿದ್ದೆ. ಗದಗದವಳು; ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದು ಅಟ್ಟದ ಮೇಲೆ ಪೇರಿಸಿಟ್ಟವಳು. ಯಾವ ವಿಷಯ ಕೊಟ್ಟರೂ ಪರವೂ ಮಾತಾಡಬಲ್ಲೆ, ವಿರೋಧವೂ ಮಾತಾಡಬಲ್ಲೆ ಎಂಬ ಧಿಮಾಕು ಇತ್ತು. ಕಾರ್ಖಾನೆಯ ಕ್ವಾರ್ಟರ್ಸ್‌ಗೆ ಕಾಯಬೇಕಿತ್ತು. ಅಲ್ಲಿಯವರೆಗೆ ಒಂದು ಕೋಣೆ ಸಾಕು ಎಂದು ಹುಡುಕಲು ಹೊರಟರೆ, ರಾಬರ್ಟ್‌ಸನ್‌ಪೇಟೆಯಲ್ಲಿ ಕಾರ್ಖಾನೆಯ ಹೆಸರು ಹೇಳಿದ ತಕ್ಷಣ ಬಾಡಿಗೆಗೆ ರೆಕ್ಕೆ ಬರುತ್ತಿತ್ತು. ಊರವರಿಗೆ ಒಂದು ದರ, ‘ಫ್ಯಾಕ್ಟರಿ ಸ್ಟಾಫ್’ಗೆ ಇನ್ನೊಂದು. ಖಾಲಿ ಊರು ಎಂದವರು ಎಲ್ಲಿ?

ಯಾರೋ ಲಂಕಾ ಲೈನಿಗೆ ಹೋಗಿ ನೋಡಿ ಎಂದರು. ನಂದಿದುರ್ಗದ ಕಡೆ, ಒಂದು ಸೈನೈಡ್ ದಿಬ್ಬಕ್ಕೂ ಒಂದು ಹಳೆಯ ಕುಂಟೆಗೂ, ಎಂದರೆ ಸಣ್ಣ ಕೆರೆಗೂ, ನಡುವೆ ಎತ್ತರದಲ್ಲಿ ನಿಂತ ಒಂದೇ ಸಾಲಿನ ಮನೆಗಳು. ಗಣಿ ಕಾರ್ಮಿಕರಿಗೆಂದು ಕಟ್ಟಿದ್ದವು. ಆ ಹೆಸರು ಯಾಕೆ ಎಂದು ಕೇಳಿದರೆ ತಮಿಳರು ಒಂದು ಕತೆ ಹೇಳುತ್ತಾರೆ, ನಮ್ಮವರು ರಾವಣನನ್ನು ತರುತ್ತಾರೆ. ನನಗೆ ಎರಡರಲ್ಲೂ ನಂಬಿಕೆಯಿಲ್ಲ. ತೆಲುಗಿನಲ್ಲಿ ಲಂಕ ಎಂದರೆ ನೀರಿನ ನಡುವಿನ ನೆಲ, ಅಷ್ಟೇ. ಮಳೆ ಜೋರಾದರೆ ಒಂದು ಕಡೆ ಕುಂಟೆ ತುಂಬುತ್ತದೆ, ಇನ್ನೊಂದು ಕಡೆ ದಿಬ್ಬ ಕರಗಿ ಕೆಳಗಿಳಿಯುತ್ತದೆ, ದಾರಿ ಸೊಂಟದವರೆಗೆ ಬೂದು ಕೆಸರಾಗುತ್ತದೆ. ಆಮೇಲೆ ಅದು ದ್ವೀಪವೇ. ನಾನು ಮೊದಲ ಸಲ ಹೋದಾಗ ಬಿಸಿಲಿತ್ತು. ದ್ವೀಪ ಎಂದಿದ್ದರೆ ನಗುತ್ತಿದ್ದೆ.

ಮೊದಲ ಮನೆಯ ಮುಂದೆ ನಿಂತು, “ಬಾಡಗಿಗೆ ಮನಿ ಐತೇನ್ರೀ?” ಎಂದು ಕೂಗಿದೆ.

ಒಳಗೆ ರುಬ್ಬುವ ಸದ್ದು ನಿಂತಿತು. ಒಂದು ಹೆಂಗಸಿನ ದನಿ ಬಂತು: “ಇಲ್ಲಾ?”

“ಸರಿ ಬಿಡ್ರಿ,” ಎಂದು ಹೊರಟೆ. ಮುಂದಿನ ಭಾನುವಾರ ಬೇರೆ ಕಡೆಯೆಲ್ಲ ಸುತ್ತಿ ಸೋತು ಮತ್ತೆ ಅಲ್ಲಿಗೇ ಬಂದೆ. ಮತ್ತೆ ಅದೇ ಪ್ರಶ್ನೆ, ಅದೇ “ಇಲ್ಲಾ?” ಈ ಸಲ ಸ್ವಲ್ಪ ಕೋಪ ಬಂತು. ಇಲ್ಲದಿದ್ದರೆ ಇಲ್ಲ ಎನ್ನಲಿ, ಅದನ್ನು ರಾಗ ಎಳೆದು ಹೇಳುವುದೇಕೆ? ತಿರುಗಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನಿಂದ ಹಿಟ್ಟಿನ ಕೈಯನ್ನು ಗಾಳಿಯಲ್ಲಿ ಆಡಿಸುತ್ತಾ ಒಬ್ಬಾಕೆ ಓಡಿಬಂದಳು.

“ಏ ತಾಯೀ! ಓದ್ ವಾರಾನೂ ಇಂಗೇ ಓದೆ. ಕೇಳಿದ್ರೆ ಉತ್ರ ಯೋಳ್ದೆ ಓಗೋ ಪದ್ಧತಿನಾ ನಿಮ್ಮೂರ್ನಾಗೆ?”

“ನೀವ ಇಲ್ಲ ಅಂದ್ರಲ್ರೀ!”

“ಅಯ್ಯೋ ನನ್ ಕರ್ಮ! ಇಲ್ಲಾ ಅಂತ ಕೇಳ್ದೆ ಕಣಮ್ಮ. ಇಲ್ಲು, ಮನೆ! ಮನೇನಾ ಬೇಕಾಗಿರೋದು ಅಂತ!”

ತೆಲುಗಿನಲ್ಲಿ ‘ಇಲ್ಲು’ ಎಂದರೆ ಮನೆ. ‘ಇಲ್ಲಾ?’ ಎಂದರೆ ‘ಮನೆಯೇ?’ ಎಂದು ಪ್ರಶ್ನೆ. ನಮ್ಮ ಭಾಷೆಯಲ್ಲಿ ಇಲ್ಲದ್ದು ಪಕ್ಕದ ಭಾಷೆಯಲ್ಲಿ ಇರುವುದು ಎಂಬ ಈ ಸಂಗತಿಯನ್ನು ಯಾವ ವ್ಯಾಕರಣ ಪುಸ್ತಕವೂ ನನಗೆ ಹೇಳಿರಲಿಲ್ಲ. ಇಬ್ಬರೂ ರಸ್ತೆಯಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಕೆ ಮುನಿರತ್ನಮ್ಮ, ಬೂದಿಕೋಟೆ ಕಡೆಯ ರೈತರ ಮನೆಯವಳು, ಗಣಿಯಲ್ಲಿದ್ದವನನ್ನು ಮದುವೆಯಾಗಿ ಈ ಲೈನಿಗೆ ಬಂದವಳು. ಗಂಡ ತೀರಿಕೊಂಡ ಮೇಲೆ ಇಡ್ಲಿ ಹಿಟ್ಟು ರುಬ್ಬಿ ಮಾರುತ್ತಾ ಒಬ್ಬಳೇ ಇದ್ದಳು. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದಳು. ತನ್ನ ಮನೆಯ ಮುಂದಿನ ಕೋಣೆ ಕೊಡುತ್ತೇನೆ ಎಂದು ಬಾಡಿಗೆ ಹೇಳಿದಳು. ನಾನು ಆಯ್ತು ಎಂದೆ. ಅವಳ ಮುಖ ಬಾಡಿತು.

“ಏನಾಯ್ತಕ್ಕಾ?”

“ನೀನು ಅರ್ಧಕ್ಕೆ ಕೇಳ್ತೀಯ, ನಾನು ಮುಕ್ಕಾಲಿಗೆ ಇಳೀತೀನಿ ಅಂತ ಯೋಳ್ದೆ. ಆಯ್ತು ಅಂದ್ಬಿಟ್ರೆ ಮುಂದಕ್ಕೆ ಏನ್ ಮಾತಾಡೋದು?”

ಜಗತ್ತಿನ ಎಲ್ಲದರ ಬಗ್ಗೆ ವಾದ ಮಾಡುವವಳು ಬಾಡಿಗೆಯ ಬಗ್ಗೆ ವಾದ ಮಾಡಲಿಲ್ಲ. ಈ ಸುದ್ದಿ ಲೈನಿನ ಈ ತುದಿಯಿಂದ ಆ ತುದಿಗೆ ಹೋಯಿತು. ಆಮೇಲೆ ನಲ್ಲಿಯ ಸರದಿಗೆ, ಕಸದ ಗಾಡಿಗೆ, ಎಲ್ಲದಕ್ಕೂ ನಾನು ತಗಾದೆ ತೆಗೆಯುವುದನ್ನು ಕಂಡು ನನಗೆ ‘ಲಾಯರಮ್ಮ’ ಎಂಬ ಹೆಸರೂ ಬಿತ್ತು.

ನಲ್ಲಿಯ ಸರದಿಯ ವಿಚಾರ ಹೇಳಲೇಬೇಕು. ಲೈನಿಗೆಲ್ಲ ಒಂದೇ ನಲ್ಲಿ. ಎಲ್ಲರಿಗೂ ಒಂದೊಂದು ಸರದಿ, ನನಗಿಲ್ಲ. ಕೊನೆಯಲ್ಲಿ ಉಳಿದರೆ ಹಿಡಿದುಕೊಳ್ಳಬೇಕು. ಇದು ಸಮಾನತೆಯೇ ಎಂದು ಕೇಳಿದೆ. ತುದಿಮನೆಯ ಸೆಲ್ವಣ್ಣ ಕೊಡಪಾನ ಇಳಿಸಿ ವಿವರಿಸಿದ. “ಇಲ್ಲಿ ಎರಡು ಜಾತಿ ಲಾಯರಮ್ಮ. ಬಿಸ್ಲು ತಿಂದೋರು, ಮಳೆ ತಿಂದೋರು. ನಿಮ್ಮಂಥ ಟ್ರೈನಿಂಗ್ ಜನ ಬಿಸಿಲಲ್ಲಿ ಬರ್ತಾರೆ, ಮಳೆ ಮುಂಚೆ ಕ್ವಾಟ್ರಸ್‌ಗೆ ಓಗ್ತಾರೆ. ನೀವು ಒಂದು ಮಳೆ ತಿನ್ನಿ, ಆಮೇಲೆ ಸರದಿ ಕೇಳಿ.”

ಸೆಲ್ವಣ್ಣ ಹುಟ್ಟಿದ್ದೇ ಆ ಲೈನಿನಲ್ಲಿ. ಅಪ್ಪ ಗಣಿಗೆ ಇಳಿದವನು; ಇವನು ಕತ್ತಲಿರುವಾಗಲೇ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಕಟಿಂಗ್ ಕೆಲಸ ಮಾಡಿ ರಾತ್ರಿ ಬರುವವನು. ಹೆಂಡತಿ ಅಮುದಾ ಹತ್ತಿರದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅವರ ಮನೆ ಅವರದಲ್ಲ, ಬಂಗಾರಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ವೆಂಕಟೇಶಪ್ಪ ಎಂಬುವವರದು. ಆದರೆ ಸೂರಿಗೆ ಹೆಂಚು ಹೊದಿಸಿದವನು, ಗೋಡೆಗೆ ಸುಣ್ಣ ಬಳಿದವನು, ವರ್ಷ ವರ್ಷ ದಿಬ್ಬದ ಕೆಸರು ಬಾಗಿಲಿಗೆ ಬಾರದ ಹಾಗೆ ಕಲ್ಲು ಒಟ್ಟಿದವನು ಸೆಲ್ವಣ್ಣ.

ದೀಪಾವಳಿಯ ಪಟಾಕಿ ಸದ್ದು ಮುಗಿಯುತ್ತಿದ್ದಂತೆ ವೆಂಕಟೇಶಪ್ಪನವರಿಂದ ಸುದ್ದಿ ಬಂತು: ಕಾರ್ತಿಕ ಕಳೆಯುವುದರೊಳಗೆ ಮನೆ ಬಿಡಬೇಕು. ಕಾರ್ಖಾನೆಯವರು ಒಬ್ಬರು ಕೇಳಿದ್ದಾರೆ, ಎರಡರಷ್ಟು ಕೊಡುತ್ತಾರಂತೆ.

ಅಮುದಾ ಅವತ್ತು ನಲ್ಲಿಯ ಹತ್ತಿರ ಯಾರ ಜೊತೆಯೂ ಜಗಳವಾಡಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಪೇಟೆಯ ಕಡೆ ಅವರ ಕೈಗೆಟುಕುವ ಬಾಡಿಗೆ ಇರಲಿಲ್ಲ. ಬೆಂಗಳೂರಿನ ಅಂಚಿನಲ್ಲೆಲ್ಲೋ ಕೋಣೆ ಹಿಡಿದರೆ ಅವಳ ಶಾಲೆಯ ಕೆಲಸ ಹೋಗುತ್ತಿತ್ತು. ಒಂದು ಮನೆ ಹೋದರೆ ಅದರ ಹಿಂದೆ ಏನೇನು ಹೋಗುತ್ತದೆ ಎಂದು ಅವಳು ಬೆರಳು ಮಡಚದೆಯೇ ಲೆಕ್ಕ ಹಾಕಿ ಮುಗಿಸಿದ್ದಳು.

“ಯಾರಂತೆ ಆ ಫ್ಯಾಕ್ಟ್ರಿಯೋರು?” ಎಂದು ಮುನಿರತ್ನಕ್ಕ ಕೇಳಿದಳು. ಯಾರೆಂದು ನನಗೆ ಗೊತ್ತಿತ್ತು; ಕೊಡ ಎತ್ತಿಕೊಂಡು ಹೊರಟೆ. ನನ್ನ ಬ್ಯಾಚಿನ ಮಹಾಂತೇಶ, ಹಾವೇರಿಯವನು. ಲಂಕಾ ಲೈನ್ ಎಷ್ಟು ಸೊಗಸು, ಜನ ಎಷ್ಟು ಚಂದ ಎಂದು ಕ್ಯಾಂಟೀನಿನಲ್ಲಿ ಅವನ ತಲೆ ತಿಂದವಳು ನಾನೇ.

ವಾದ ನನ್ನ ಕಸುಬು ತಾನೆ? ಬಂಗಾರಪೇಟೆಗೆ ಹೋದೆ. ವೆಂಕಟೇಶಪ್ಪನವರು ದಪ್ಪ ಮೈಯ, ಸಣ್ಣ ದನಿಯ, ತುಂಬಾ ಮರ್ಯಾದೆಯ ಮನುಷ್ಯ. ಪಾತ್ರೆಗಳ ನಡುವೆ ನಿಂತು ನಾನು ವಿಷಯ ಮಂಡಿಸಿದೆ. ಸೆಲ್ವಣ್ಣ ಒಂದು ತಿಂಗಳೂ ಬಾಡಿಗೆ ತಪ್ಪಿಸಿದವನಲ್ಲ. ತರಬೇತಿಯವರು ಮಳೆ ಬರುವಷ್ಟರಲ್ಲಿ ಹೊರಡುವವರು. ಮಳೆಗಾಲದಲ್ಲಿ ಒಲೆ ಉರಿಯದ ಮನೆ ಮರುವರ್ಷ ನಿಲ್ಲುವುದಿಲ್ಲ. ಎಲ್ಲವನ್ನೂ ತಲೆಯಾಡಿಸುತ್ತಾ ಕೇಳಿದರು. ನಡುವೆ ಒಮ್ಮೆ “ಬಾಳ ಚೆನ್ನಾಗಿ ಮಾತಾಡ್ತೀರ” ಎಂದೂ ಅಂದರು. ನಾನು ಗೆದ್ದೆ ಎಂದುಕೊಂಡೆ.

“ಒಂದು ಮಾತು ಮೇಡಂ. ಮುನಿರತ್ನಮ್ಮ ಕೇಳಿದ ಬಾಡಿಗೇನ ಒಂದು ರೂಪಾಯಿ ಕಮ್ಮಿ ಮಾಡಿ ಅನ್ನದೆ ಕೊಟ್ಟೋರು ನೀವೇ ತಾನೆ?”

“ಹೌದು…”

“ಅದು ಇಡೀ ಬಂಗಾರಪೇಟೆಗೆ ಗೊತ್ತು. ಆ ಲೈನಿನ ರೇಟು ಏರಿಸಿದ್ದು ನಾನಲ್ಲ ಮೇಡಂ, ನೀವು. ಈಗ ಏನು ಕೊಡ್ಲಿ, ಸ್ಟೀಲಾ, ಹಿತ್ತಾಳೆನಾ?”

ಇಷ್ಟು ವರ್ಷದ ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯೊಬ್ಬ ನನ್ನನ್ನೇ ಸಾಕ್ಷಿಯಾಗಿ ನಿಲ್ಲಿಸಿ ಗೆದ್ದದ್ದು ಅದೇ ಮೊದಲು. ಬರಿಗೈಲಿ ಹೊರಡಲು ನಾಚಿಕೆಯಾಗಿ ಒಂದು ಸ್ಟೀಲ್ ಬಕೆಟ್ ಕೊಂಡೆ. ಹೆಸರು ಕೊರೆಯಬೇಕಾ ಎಂದರು. ಸಿಟ್ಟಿನಲ್ಲಿ “ಲಂಕಾ ಲೈನ್ ಅಂತ ಬರೀರಿ” ಎಂದೆ. ಮುಗುಳ್ನಗುತ್ತಾ ಚುಕ್ಕೆ ಚುಕ್ಕೆಯಾಗಿ ಅದನ್ನೇ ಕೊರೆದುಕೊಟ್ಟರು.

ಕಾರ್ತಿಕದ ಕೊನೆಯಲ್ಲಿ ಆಕಾಶ ಒಡೆಯಿತು. ಸಮುದ್ರದಲ್ಲಿ ಎಲ್ಲೋ ಎದ್ದ ಗಾಳಿಗೆ ನಮ್ಮ ಕಡೆ ಮಳೆ. ಭಾನುವಾರ ಮಹಾಂತೇಶ ಮನೆ ನೋಡಲು ಬರುವುದೆಂದು ನಿಗದಿಯಾಗಿತ್ತು. ಅದಕ್ಕೆ ಮೊದಲು ಸೆಲ್ವಣ್ಣನಿಗೆ ಕೊನೆಯ ಮಾತು ಹೇಳಿಹೋಗೋಣವೆಂದು ವೆಂಕಟೇಶಪ್ಪನವರು ಶನಿವಾರ ಆಟೋದಲ್ಲಿ ಬಂದಿಳಿದರು. ಇಳಿಯುವಾಗ ಫೋನು ಜಾರಿ ಕೆಸರಿನಲ್ಲಿ ಮುಳುಗಿತು. ಅದನ್ನು ಹುಡುಕುವಷ್ಟರಲ್ಲಿ ಆಟೋದವನು ದಿಬ್ಬದ ಕಡೆ ಒಮ್ಮೆ ನೋಡಿ, “ಇನ್ನು ನಿಂತ್ರೆ ಗಾಡಿ ಇಲ್ಲೇ ಊತೋಗುತ್ತೆ ಸಾರ್” ಎಂದು ತಿರುಗಿಸಿಕೊಂಡು ಹೋದ. “ಮಳೆ ಅರ್ಧ ಗಂಟೆ ನಿಂತ್ರೆ ನಡ್ಕೊಂಡೇ ಓಗ್ತೀನಿ” ಎಂದು ವೆಂಕಟೇಶಪ್ಪನವರು ಮುನಿರತ್ನಕ್ಕನ ಜಗಲಿಯಲ್ಲಿ ಕುಳಿತರು. ಮಳೆ ನಿಲ್ಲದೆ ರಾತ್ರಿ ಅಲ್ಲೇ ಉಳಿದರು; ಭಾನುವಾರ ಬೆಳಗ್ಗೆ ಎದ್ದು ನೋಡಿದರೆ ದಾರಿಯೇ ಇರಲಿಲ್ಲ. ದಿಬ್ಬದ ಒಂದು ಮಗ್ಗುಲು ಕರಗಿ ಹರಡಿಕೊಂಡಿತ್ತು. ಕರೆಂಟಿಲ್ಲ, ನಮ್ಮ ಫೋನುಗಳೂ ಸತ್ತಿದ್ದವು.

ಹಾಗಾದರೆ ಲೈನಿನವರು ಹೇಗೆ ಹೊರಗೆ ಹೋಗುತ್ತಿದ್ದರು? ಪೈಪಿನ ಮೇಲೆ. ಗಣಿ ನಡೆಯುತ್ತಿದ್ದಾಗ ನೀರು ಸಾಗಿಸುತ್ತಿದ್ದ ಹಳೆಯ ಕಬ್ಬಿಣದ ಪೈಪೊಂದು ಕಲ್ಲಿನ ಮೋಟುಕಂಬಗಳ ಮೇಲೆ ಆ ತಗ್ಗನ್ನು ದಾಟುತ್ತದೆ. ಎರಡು ಪಾದ ಜೋಡಿಸಿ ನಿಲ್ಲುವಷ್ಟು ಅಗಲ. ಶಾಲೆಯ ಮಕ್ಕಳು ಅದರ ಮೇಲೆ ಓಡುತ್ತವೆ. ಅಮುದಾ ಕೊಡೆ ಹಿಡಿದು, ಹೂ ಮುಡಿದು, ಮದುವೆಗೆ ಹೊರಟವಳ ಹಾಗೆ ದಾಟುತ್ತಾಳೆ. ಬಿದ್ದರೆ ಜೀವ ಹೋಗುವುದಿಲ್ಲ, ಮರ್ಯಾದೆ ಹೋಗುತ್ತದೆ. ವೆಂಕಟೇಶಪ್ಪನವರು ತಮ್ಮ ಮೈಯನ್ನೊಮ್ಮೆ, ಪೈಪನ್ನೊಮ್ಮೆ ನೋಡಿ, “ನಾನು ಇಲ್ಲೇ ಇರ್ತೀನಿ” ಎಂದು ಪಿಸುಗುಟ್ಟಿದರು.

ಹಿಂದಿನ ರಾತ್ರಿಯೆಲ್ಲ ಅವರು ಮಳೆ ತಿಂದಿದ್ದರು. ಸೋರದ ಜಾಗ ಎಲ್ಲಿದೆಯೆಂದು ಚಾಪೆಯನ್ನು ಎಳೆದಾಡಿದ್ದರು. ತಾವೇ ಮಾರಿದ ಪಾತ್ರೆಗಳಿಗೆ ತೊಟತೊಟ ಬೀಳುವ ನೀರಿನ ಸದ್ದು ಕೇಳುತ್ತಾ, ಅವು ತುಂಬಿದಾಗ ಎದ್ದು ಹೊರಗೆ ಸುರಿದಿದ್ದರು. ‘ಲಂಕಾ ಲೈನ್’ ಎಂದು ಕೊರೆದ ಬಕೆಟ್ ಅವರ ತಲೆದೆಸೆಯಲ್ಲೇ ಇತ್ತು, ನಾನೇ ಇಟ್ಟಿದ್ದೆ. ಬೆಳಗಾಗುವಷ್ಟರಲ್ಲಿ ನೆಗಡಿ ಹಿಡಿದು ಗಂಟಲು ಕಟ್ಟಿಹೋಗಿತ್ತು. ಮುನಿರತ್ನಕ್ಕ ಒಂದು ಮಂಕರಿ ಅವರೆಕಾಯಿ ತಂದು ಅವರ ಮುಂದೆ ಸುರಿದಳು.

“ಸುಮ್ಕೆ ಕುಂತು ಏನ್ ಮಾಡ್ತೀಯ ಸಾಮಿ, ಇದನ್ನ ಸುಲ್ದು ಇತುಕು. ಸೆಲ್ವಣ್ಣ, ನೀನೂ ಬಾ. ಲಾಯರಮ್ಮ, ಬಾಯಿಗೆ ರಜೆ ಕೊಟ್ಟು ಕೈ ಆಡ್ಸು.”

ಹೀಗೆ ಮನೆ ಬಿಡಿಸುವವರು, ಬಿಡಬೇಕಾದವನು, ಅವರ ನಡುವೆ ನಾನು, ಮೂವರೂ ಮಂಡಿಗೆ ಮಂಡಿ ತಾಗುವಂತೆ ಕುಳಿತು ನೆನೆದ ಅವರೆಕಾಳಿನ ಸಿಪ್ಪೆ ಹಿತುಕುತ್ತಿದ್ದೆವು. ವೆಂಕಟೇಶಪ್ಪನವರು ಹಿತುಕಿದ ಒಂದು ಕಾಳು ಹಾರಿ ಸೆಲ್ವಣ್ಣನ ಮೀಸೆಗೆ ಅಂಟಿತು. “ಇದನ್ನೂ ಬಾಡಿಗೆಗೆ ಸೇರಿಸ್ಕೊಳ್ಳಿ ಸಾರ್” ಎಂದ ಅವನು. ಗಂಟಲಿಲ್ಲದ ಮನುಷ್ಯ ಭುಜ ಕುಣಿಸಿ ನಕ್ಕರು. ಆದರೆ ನಕ್ಕಾದ ಮೇಲೆ ಪಿಸುಗುಟ್ಟಿದ್ದು ಮಾತ್ರ ಇದು: “ಮಾತು ಮಾತೇ ಸೆಲ್ವಂ. ಅವರಿಗೆ ಊಂ ಅಂದ್ಬಿಟ್ಟಿದೀನಿ.”

ಸೆಲ್ವಣ್ಣ ಕಾಳಿನ ಕಡೆಯೇ ನೋಡುತ್ತಾ ಹಿತುಕಿದ.

ಆಗಲೇ ತಗ್ಗಿನ ಆಚೆ ಬೈಕಿನ ಸದ್ದಾಯಿತು. ರೇನ್‌ಕೋಟಿನಲ್ಲಿ ಮಹಾಂತೇಶ. ಪೈಪಿನ ತುದಿಗೆ ಬಂದ, ಒಂದು ಕಾಲಿಟ್ಟ, ತೆಗೆದ. ಅಲ್ಲಿಂದಲೇ ಎರಡೂ ಕೈ ಬಾಯಿಗಿಟ್ಟು ಕೂಗಿದ. ಮಳೆ ಗಾಳಿಯಲ್ಲಿ ತುಂಡು ತುಂಡಾಗಿ ಕೇಳಿಸಿತು: “ಮನೀ… ಐತೇನ್ರೀ…?”

ವೆಂಕಟೇಶಪ್ಪನವರು ಎದ್ದು ಬಾಯಿ ತೆರೆದರು. ಗಾಳಿ ಮಾತ್ರ ಬಂತು. ಕೈ ಆಡಿಸಿದರು, ಸೋರುವ ಜಗಲಿಯ ಕತ್ತಲಲ್ಲಿ ಅದು ಯಾರಿಗೆ ಕಾಣಬೇಕು? “ಮುನಿರತ್ನಮ್ಮಾ,” ಎಂದು ಪಿಸುಗುಟ್ಟಿದರು, “ನೀನು ಕೂಗು.”

ನಾನು ಕೂಗಬಹುದಿತ್ತು. ಆದರೆ ಚರ್ಚೆಯ ಶಿಸ್ತು ಒಂದಿದೆ, ಸರದಿ ಬಾರದೆ ಮಾತಾಡಬಾರದು. ಆ ಲೈನಿನಲ್ಲಿ ನನಗೆ ಸರದಿಯೇ ಇರಲಿಲ್ಲವಲ್ಲ!

ಮುನಿರತ್ನಕ್ಕ ನಿಧಾನವಾಗಿ ಎದ್ದಳು. ಸೆರಗಿಗೆ ಕೈ ಒರೆಸಿಕೊಂಡಳು. ಮೆಟ್ಟಿಲಿಳಿದು ಮಳೆಯಲ್ಲಿ ನಿಂತು, ಇಡೀ ದಿಬ್ಬಕ್ಕೆ ಕೇಳುವ ಹಾಗೆ ಕೂಗಿದಳು.

“ಇಲ್ಲಾ…? ಇಲ್ಲಾ…?”

ಮಹಾಂತೇಶ ಒಂದು ಕ್ಷಣ ನಿಂತ. ಅರ್ಥವಾಯಿತು ಎಂಬಂತೆ ಕೈ ಎತ್ತಿದ. ಬೈಕು ತಿರುಗಿಸಿದ. ಅದರ ಕೆಂಪು ದೀಪ ಮಳೆಯಲ್ಲಿ ಕರಗಿಹೋಯಿತು.

“ಏನಮ್ಮಾ ಇದು!” ವೆಂಕಟೇಶಪ್ಪನವರ ಪಿಸುದನಿಯೂ ಕಿರುಚಿತು.

“ನಾನೇನ್ ಮಾಡ್ಲಿ ಸಾಮಿ? ಇಲ್ಲಾ, ಮನೇನಾ ಬೇಕಾಗಿರೋದು ಅಂತ ಕೇಳ್ದೆ. ನೀನೂ ಕೇಳಿಸ್ಕಂಡ್ಯಲ್ಲ? ಉತ್ರ ಯೋಳ್ದೆ ಒಂಟೋದ. ಆ ಕಡೆ ಜನವೇ ಅಂಗೆ ಕಣ್ ಸಾಮಿ. ಈ ಲಾಯರಮ್ಮನೂ ಎರಡು ಸಲ ಅಂಗೇ ಓಗಿದ್ಲು.”

ವೆಂಕಟೇಶಪ್ಪನವರ ಮನೆಮಾತು ತೆಲುಗು. ಅವರು ಕೇಳಿಸಿಕೊಂಡದ್ದು ಸರಿಯಾದ, ಮರ್ಯಾದೆಯ ಒಂದು ಪ್ರಶ್ನೆ. ಆಕ್ಷೇಪಿಸಲು ಅದರಲ್ಲಿ ಏನಿದೆ? ಮತ್ತೆ ಅವರೆಕಾಯಿಯ ಮುಂದೆ ಕುಳಿತರು. ನಾನು ಅವರೆಕಾಳಿನ ಬಟ್ಟಲಿಗೆ ಮುಖ ಬಗ್ಗಿಸಿದೆ. ಎತ್ತಿದ್ದರೆ ನಗು ತಡೆಯುತ್ತಿರಲಿಲ್ಲ. ಮಹಾಂತೇಶ ಅವತ್ತು ಸಂಜೆಯೊಳಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಬೇರೆ ಮನೆಗೆ ಮುಂಗಡ ಕೊಟ್ಟನೆಂದು ಆಮೇಲೆ ಗೊತ್ತಾಯಿತು.

ಮಧ್ಯಾಹ್ನ ಮುದ್ದೆ, ಹಿತುಕಿದ ಬೇಳೆ ಸಾರು. ವೆಂಕಟೇಶಪ್ಪನವರು ಮೂರು ಸಲ ಬಡಿಸಿಕೊಂಡರು. ಸೋಮವಾರ ಬೆಳಗ್ಗೆ ಮಳೆ ನಿಂತಿತು. ಅಂಗಡಿ ತೆಗೆಯಬೇಕು ಎಂದು ಚಡಪಡಿಸಿದರು. ಸೆಲ್ವಣ್ಣ, “ಬನ್ನಿ ಸಾರ್, ನನ್ನ ಎಗಲು ಇಡ್ಕೊಳ್ಳಿ, ಕೆಳಗೆ ನೋಡ್ಬೇಡಿ” ಎಂದ. ಇಡೀ ಲೈನು ನೋಡಲು ನಿಂತಿತು. ಮುಂದೆ ಸೆಲ್ವಣ್ಣ, ಅವನ ಎರಡೂ ಹೆಗಲು ಹಿಡಿದು ಹಿಂದೆ ವೆಂಕಟೇಶಪ್ಪನವರು, ಅವರ ಚಪ್ಪಲಿ ಹಿಡಿದುಕೊಂಡು ಕೊನೆಯಲ್ಲಿ ನಾನು. ಹೆಜ್ಜೆ, ಇನ್ನೊಂದು ಹೆಜ್ಜೆ. ನಟ್ಟನಡುವೆ ಸೆಲ್ವಣ್ಣ ನಿಂತ.

“ಏನಾಯ್ತೋ?”

“ಕೊಂಚ ಇರಿ ಸಾರ್. ಕಾಲು ಜೋಮು ಇಡೀತು.”

“ನಡಿಯಪ್ಪಾ!”

“ನಡೀತೀನಿ ಸಾರ್. ಆ ಫ್ಯಾಕ್ಟ್ರಿಯೋರು ವಾಪಸ್ ಓಗ್ಬಿಟ್ರಲ್ಲ, ಮನೆ ವಿಷಯ…”

“ಮೊದಲು ನಡಿ, ಆಮೇಲೆ ಮನೆ!”

“ಜೋಮು ಸಾರ್. ಅದು ನಮ್ಮ ಮಾತು ಕೇಳಲ್ಲ.”

ಕೆಳಗೆ ಬೂದು ಕೆಸರು ಗುಳುಗುಳು ಎಂದಿತು. “ಇರಪ್ಪಾ, ನೀನೇ ಇರು!” ಎಂದರು ವೆಂಕಟೇಶಪ್ಪನವರು. ಎರಡು ದಿನದಲ್ಲಿ ಮೊದಲ ಸಲ ಗಂಟಲು ಬಿಟ್ಟಿತ್ತು.

“ಎಷ್ಟು ದಿನ ಸಾರ್?”

“ವರ್ಷಪೂರ್ತಿ ಇರು ಮಾರಾಯ!”

“ಹಳೇ ಬಾಡಿಗೆನಾ?”

“ಹಳೇದೇ! ಈ ಹಾಳು ಮಳೇಲಿ ಇಲ್ಲಿ ಇನ್ಯಾವನು ಇರ್ತಾನೆ? ನಡಿ!”

ಜೋಮು ಬಿಟ್ಟುಹೋಯಿತು. ಲೈನಿನ ಕಡೆಯಿಂದ ಶಿಳ್ಳೆಯೋ ಶಿಳ್ಳೆ. ಅಮುದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ಪೈಪಿನ ಮೇಲಿಂದ ಕಾಣಲಿಲ್ಲ. ಸಂಜೆ ನಲ್ಲಿಯ ಹತ್ತಿರ ಅವಳು ಮೂವರ ಜೊತೆ ಜಗಳವಾಡಿದಳು; ಎಲ್ಲರಿಗೂ ಸಮಾಧಾನವಾಯಿತು.

ಕೆಸರಿನ ಮೇಲೆ ನಿಲ್ಲಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ನಾನು ಆಗಲೂ ವಾದಿಸಿದೆ, ಈಗಲೂ ವಾದಿಸುತ್ತೇನೆ. ಆದರೆ ವೆಂಕಟೇಶಪ್ಪನವರು ಅಂಗಡಿಗೆ ಹೋಗಿ ಒಣಬಟ್ಟೆ ಉಟ್ಟ ಮೇಲೂ ಮಾತು ಬದಲಿಸಲಿಲ್ಲ. ಬಿಸಿಲಿನ ಎರಡರಷ್ಟಕ್ಕಿಂತ ಹನ್ನೆರಡು ತಿಂಗಳ ಒಂದರಷ್ಟು ಮನೆಗೆ ಒಳ್ಳೆಯದು ಎಂದು ನಾನು ಗಂಟೆಗಟ್ಟಲೆ ಹೇಳಿದ್ದು ಅವರ ತಲೆಗೆ ಹೋಗಿರಲಿಲ್ಲ. ತೊಟತೊಟ ಎಂದು ಎರಡು ರಾತ್ರಿ ಹೇಳಿದ ಬಕೆಟ್‌ನ ಮಾತು ಹೋಗಿತ್ತು. ಮುಂದಿನ ವಾರ ಸೂರು ರಿಪೇರಿಗೆ ಏನಾದರೂ ಕಳಿಸುತ್ತಾರೆಂದು ಎಲ್ಲರೂ ಕಾದರು. ಒಂದು ದೊಡ್ಡ ಹಂಡೆ ಬಂತು. ‘ಸೋರೋ ಕಡೆ ಇಡಿ’ ಎಂದು ಹೇಳಿಕಳಿಸಿದ್ದರು.

ನನಗೂ ಆ ವಾರ ನಲ್ಲಿಯಲ್ಲಿ ಸರದಿ ಸಿಕ್ಕಿತು. ಮಳೆ ತಿಂದಿದ್ದೆನಲ್ಲ. ಕ್ವಾರ್ಟರ್ಸ್ ಮಂಜೂರಾದಾಗಲೂ ಹೋಗಲಿಲ್ಲ, ವರ್ಷ ಮುಗಿಸಿಯೇ ಹೊರಟೆ. ಬಾಡಿಗೆ ಮಾತ್ರ ಚೌಕಾಸಿ ಮಾಡಿ ಮುಕ್ಕಾಲಿಗೆ ಇಳಿಸಿದೆ. ಮುನಿರತ್ನಕ್ಕನಿಗೆ ಅದರಿಂದ ಆದಷ್ಟು ಸಂತೋಷ ನಾನು ಕೊಟ್ಟ ಯಾವ ಉಡುಗೊರೆಯಿಂದಲೂ ಆಗಿಲ್ಲ.

ಪಾನಿಪೂರಿಯ ಮಾರನೆಯ ದಿನ ಹಾಸನದ ಹುಡುಗಿಯನ್ನು ಕರೆದುಕೊಂಡು ಲಂಕಾ ಲೈನಿಗೆ ಹೋದೆ. ಪೈಪು ಹಾಗೆಯೇ ಇದೆ. ಸೆಲ್ವಣ್ಣನ ಬಾಗಿಲ ಮುಂದೆ ಹಂಡೆ ಬೋರಲು ಬಿದ್ದಿತ್ತು, ಅಮುದಾ ಶಾಲೆಗೆ ಹೋಗಿದ್ದಳು. ಮೊದಲ ಮನೆಯ ಮುಂದೆ ನಿಂತು ಹುಡುಗಿ ಕೂಗಿದಳು, “ಬಾಡಿಗೆಗೆ ಮನೆ ಇದೆಯಾ?”

ರುಬ್ಬುವ ಸದ್ದು ನಿಂತಿತು. “ಇಲ್ಲಾ?”

“ನೋಡಿ ಮೇಡಂ, ನಿನ್ನೆನೂ ಹೀಗೇ,” ಎಂದು ಹುಡುಗಿ ತಿರುಗಿದಳು. ಅವಳ ರಟ್ಟೆ ಹಿಡಿದು ನಿಲ್ಲಿಸಿದೆ.

ಮುನಿರತ್ನಕ್ಕ ಹೊರಗೆ ಬಂದು ನನ್ನನ್ನು ನೋಡಿ ಹಿಟ್ಟಿನ ಕೈಯಲ್ಲೇ ಕೆನ್ನೆ ಹಿಂಡಿದಳು. ಹುಡುಗಿಯನ್ನು ಮೇಲಿಂದ ಕೆಳಗೆ ಅಳೆದು, “ಇವ್ಳು ಮಳೆ ತಿಂತಾಳಾ?” ಎಂದಳು. “ಮೊದ್ಲು ಅರ್ಧಕ್ಕೆ ಕೇಳು,” ಎಂದು ನಾನು ಹುಡುಗಿಯ ಕಿವಿಯಲ್ಲಿ ಹೇಳಿದೆ. ಅವರಿಬ್ಬರೂ ಖುಷಿಯಿಂದ ಜಗ್ಗಾಡಿ ಮುಗಿಸುವವರೆಗೆ ಜಗಲಿಯಲ್ಲಿ ಕುಳಿತು ತಗ್ಗಿನ ಆಚೆ ನೋಡುತ್ತಿದ್ದೆ. ಮಹಾಂತೇಶ ನಿಂತಿದ್ದ ಜಾಗ ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ಅಷ್ಟು ದೂರಕ್ಕೆ ಮಾತು ತಲುಪಬಹುದು, ಪ್ರಶ್ನೆಯ ರಾಗ ತಲುಪುವುದಿಲ್ಲ. ಅದೂ ಅಲ್ಲದೆ ನನ್ನ ಜೊತೆ ದಿನವಿಡೀ ಕನ್ನಡದಲ್ಲಿ ಜಗಳವಾಡಿದವಳು ಅವತ್ತು ಕನ್ನಡದಲ್ಲೇ ಕೇಳಿದ ಪ್ರಶ್ನೆಗೆ ತೆಲುಗಿನಲ್ಲಿ ಯಾಕೆ ಕೂಗಬೇಕು? ನಮ್ಮ ಕಡೆಯವರ ಕಿವಿಗೆ ಆ ಮಾತು ಹೇಗೆ ಬೀಳುತ್ತದೆಂದು ನನ್ನಿಂದಲೇ ಕಲಿತಿದ್ದಳಲ್ಲ?

ಮುನಿರತ್ನಕ್ಕ ಕಾಫಿ ತಂದಿಟ್ಟಳು. ಎದುರು ಕುಳಿತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ನನ್ನ ಮುಖ ನೋಡಿದಳು. ನಾನು ಏನೋ ಕೇಳುವವಳಿದ್ದೇನೆ ಎಂದು ಅವಳಿಗೆ ಗೊತ್ತಾಗಿತ್ತು, ಆಗಲೇ ತುಟಿಯ ಕೊನೆ ಕುಣಿಯುತ್ತಿತ್ತು.

“ಅಕ್ಕಾ, ಇಷ್ಟ ವರ್ಷ ಆತು, ಈಗರ ಖರೇ ಹೇಳ್ರಿ. ಅವತ್ತ ಮಳಿಯಾಗ ನಿಂತು ಮಹಾಂತೇಶಗ ನೀವು ಕೂಗಿದ್ರಲ್ಲ, ಅದು ಕೇಳಿದ ‘ಇಲ್ಲಾ’ನೋ, ಹೇಳಿದ ‘ಇಲ್ಲಾ’ನೋ?”